ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: 60 ಜಿಬಿ ಖಾಲಿ ಇದ್ದರೂ "ಅನ್‌ಯೂಸಬಲ್" ಅನ್ನುತ್ತಿದೆ

ಬಿಳಿಚಾಕ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಟೀಚರ್. ಕಂಪ್ಯೂಟರ್ ವಿಷಯದಲ್ಲಿ ಹೊಸಬಳು, ಪ್ರಶ್ನೆ ಸ್ವಲ್ಪ ಉದ್ದ ಆದರೆ ಬೇಸರ ಮಾಡ್ಕೋಬೇಡಿ.

2013ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬಂದಾಗ ವಿಂಡೋಸ್ 7 ಇತ್ತು, ಆಮೇಲೆ ಅದನ್ನೇ 10ಕ್ಕೆ ಏರಿಸಿದ್ದೆವು. 2025ರ ಅಕ್ಟೋಬರ್ 14ಕ್ಕೆ ಅದರ ಅಪ್‌ಡೇಟ್ ನಿಂತಿತಲ್ಲ, 11 ಹಾಕೋಣ ಅಂದರೆ ಟಿಪಿಎಂ (ಅದು ಕೇಳುವ ಭದ್ರತಾ ಚಿಪ್) ಇಲ್ಲ, ಪ್ರೊಸೆಸರ್ ಹಳೆಯದು ಅಂತ ಬಾಗಿಲಲ್ಲೇ ನಿಲ್ಲಿಸಿತು. ಅಂಗಡಿಯವರು "ಗುಜರಿಗೆ ಹಾಕಿ ಹೊಸದು ತಗೊಳ್ಳಿ ಮೇಡಂ" ಅಂದರು. ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಬ್ಯಾಟರಿ ಮಾತ್ರ ಸತ್ತಿದೆ, ಚಾರ್ಜರ್ ಹಾಕಿಕೊಂಡೇ ಓಡಿಸಬೇಕು. ಇಷ್ಟಕ್ಕೆ ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ.

ತಂಗಿ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಫೋನಲ್ಲೇ "ವಿಂಡೋಸ್ ತರದ್ದೇ ಇನ್ನೊಂದು ಸಿಸ್ಟಂ ಇದೆ, ಲಿನಕ್ಸ್ ಮಿಂಟ್, ಅದನ್ನು ಹಾಕು ದೊಡ್ಡಮ್ಮ, ದುಡ್ಡು ಕೊಡಬೇಕಾಗಿಲ್ಲ" ಅಂದ. ಅವನು ಹೇಳಿದ ಹಾಗೆ ಮಿಂಟ್ 22ರ ಎಕ್ಸ್‌ಎಫ್‌ಸಿಇ (ಅದರ ಹಗುರವಾದ ಬಗೆ) ಇಳಿಸಿಕೊಂಡು ರೂಫಸ್ ಅನ್ನೋ ಪ್ರೋಗ್ರಾಮಿನಿಂದ ಪೆನ್‌ಡ್ರೈವಿಗೆ ಹಾಕಿದೆ. ಎಫ್12 ಒತ್ತಿ ಪೆನ್‌ಡ್ರೈವಿಂದ ಶುರು ಮಾಡಿದರೆ ಹಸಿರು ಲೋಗೋ ಬಂದು ಡೆಸ್ಕ್‌ಟಾಪ್ ತೆರೆಯಿತು, ನನಗೇ ಆಶ್ಚರ್ಯ. ವಿಂಡೋಸ್ ಹೋಗಬಾರದು ಅಂತ ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡಿ ಡ್ರೈವನ್ನು ಶ್ರಿಂಕ್ ಮಾಡಿ 60 ಜಿಬಿ ಬಿಟ್ಟಿದ್ದೆ. ಅಲ್ಲಿಂದ ಮುಂದೆ ಸಿಕ್ಕಿಕೊಂಡಿದ್ದೇನೆ.

ಇನ್‌ಸ್ಟಾಲ್ ಅಂತ ಒತ್ತಿದರೆ "ವಿಂಡೋಸ್ ಪಕ್ಕದಲ್ಲಿ ಹಾಕು" ಅನ್ನೋ ಆಯ್ಕೆಯೇ ಬರೋದಿಲ್ಲ. ಇರೋದು ಎರಡೇ, ಡಿಸ್ಕ್ ಪೂರ್ತಿ ಅಳಿಸು ಅನ್ನೋದೊಂದು, ಸಂಥಿಂಗ್ ಎಲ್ಸ್ ಅನ್ನೋದೊಂದು. ಎರಡನೆಯದಕ್ಕೆ ಹೋದರೆ ನಾನು ಬಿಟ್ಟ 60 ಜಿಬಿ ಎದುರಿಗೆ "ಅನ್‌ಯೂಸಬಲ್" ಅಂತ ಬರೆದಿದೆ. ಪ್ಲಸ್ ಗುರುತು ಒತ್ತಿದರೆ ಏನೂ ಆಗೋದಿಲ್ಲ. ವಿಂಡೋಸಿಗೆ ವಾಪಸ್ ಬಂದು ಆ ಕಪ್ಪು ಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ವಾಲ್ಯೂಮ್ ಮಾಡಲು ಹೋದರೆ "ಡೈನಾಮಿಕ್ ಡಿಸ್ಕ್ ಆಗಿ ಬದಲಾಗುತ್ತದೆ, ಸರಿಯಾ" ಅಂತ ಕೇಳಿತು. ಹೆದರಿ ಕ್ಯಾನ್ಸಲ್ ಮಾಡಿದೆ.

ಜೊತೆಗೆ ಇನ್ನೆರಡು. ಪೆನ್‌ಡ್ರೈವಿಂದ ಓಡಿಸಿದಾಗ ವೈಫೈ ಕಾಣೋದೇ ಇಲ್ಲ. ಮತ್ತೆ ನಾನು ಹದಿನೈದು ವರ್ಷದಿಂದ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವಳು, ಪ್ರಶ್ನೆಪತ್ರಿಕೆ, ಭಾಷಣ, ಎಲ್ಲ ಅದರಲ್ಲೇ. ಅದು ಲಿನಕ್ಸಲ್ಲಿ ಇಲ್ಲ ಅಂದರೆ ಇಷ್ಟೆಲ್ಲ ಕಷ್ಟ ಪಟ್ಟು ಉಪಯೋಗ ಇಲ್ಲ.

ಹಳೇಪೆನ್‌ಡ್ರೈವ್

ಮೇಡಂ, ಆ ಕ್ಯಾನ್ಸಲ್ ಒತ್ತಿದ್ದು ಬಹಳ ಒಳ್ಳೆಯದಾಯಿತು. ಡೈನಾಮಿಕ್ ಡಿಸ್ಕ್ ಅನ್ನೋದು ವಿಂಡೋಸಿನದೇ ಬೇರೆ ಪದ್ಧತಿ, ಅದಕ್ಕೆ ಹೂಂ ಅಂದಿದ್ದರೆ ವಿಂಡೋಸ್ ಓಡುತ್ತಿತ್ತು, ಆದರೆ ಆ ಡಿಸ್ಕಿನಲ್ಲಿ ಲಿನಕ್ಸ್ ಹಾಕೋದು ದೊಡ್ಡ ರಗಳೆ, ಮತ್ತೆ ಅಲ್ಲಿಂದ ಹಿಂದಕ್ಕೆ ಬರೋದು ಇನ್ನೂ ದೊಡ್ಡ ರಗಳೆ.

ನಿಮ್ಮ ಡಿಸ್ಕ್ ಹಳೇ ಪದ್ಧತಿಯದ್ದು ಅನ್ನಿಸುತ್ತದೆ, ಎಂಬಿಆರ್ ಅಂತ. 1983ರ ಕಾಲದಿಂದ ಬಂದದ್ದು. ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ, ಯಾವ ಭಾಗ ಎಲ್ಲಿಂದ ಎಲ್ಲಿಗೆ ಅಂತ. ಆ ಪಟ್ಟಿಯಲ್ಲಿ ಇರೋದು ನಾಲ್ಕೇ ಸಾಲು. ನಿಮ್ಮದರಲ್ಲಿ ನಾಲ್ಕೂ ಭರ್ತಿ ಆಗಿರಬೇಕು. ಜಮೀನೇನೋ ಇದೆ, ಪಹಣಿಯಲ್ಲಿ ಹೆಸರು ಬರೆಯೋಕೆ ಸಾಲಿಲ್ಲ, ಅಷ್ಟೇ. ಅದಕ್ಕೇ ಅನ್‌ಯೂಸಬಲ್.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಎಣಿಸಿ ನೋಡಿ. ಕಡುನೀಲಿ ಪಟ್ಟಿ ಇರೋವೆಲ್ಲ ಪ್ರೈಮರಿ, ಅಂದರೆ ಆ ನಾಲ್ಕರಲ್ಲಿ ಒಂದೊಂದು ಸಾಲು ಹಿಡಿದವು. ಎಷ್ಟಿವೆ, ಒಂದೊಂದರ ಹೆಸರು, ಅಳತೆ ಬರೆದು ಇಲ್ಲಿ ಹಾಕಿ.

ನನ್ನ ಸಲಹೆ ಹೇಳಿಬಿಡುತ್ತೇನೆ. ಡಿ ಡ್ರೈವಿನಲ್ಲಿರೋದನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಡಿ ಅಳಿಸಿ. ಆ ಸಾಲಿನಲ್ಲಿ ಎಕ್ಸ್‌ಟೆಂಡೆಡ್ ಅನ್ನೋ ಒಂದು ದೊಡ್ಡ ಚೀಲ ಮಾಡಿ. ಚೀಲದ ಒಳಗೆ ಎಷ್ಟು ಬೇಕಾದರೂ ಲಾಜಿಕಲ್ ಭಾಗ ಮಾಡ್ಕೋಬಹುದು, ನಾಲ್ಕರ ಲೆಕ್ಕ ಅಲ್ಲಿಗೆ ಅನ್ವಯಿಸೋದಿಲ್ಲ. ಒಂದರಲ್ಲಿ ಮತ್ತೆ ಡಿ, ಇನ್ನೊಂದರಲ್ಲಿ ಮಿಂಟ್.

ಇನ್ನೊಂದು. ಐಎಸ್ಒ, ಅಂದರೆ ಆ ಮಿಂಟ್ ಫೈಲ್, ಇಳಿಸಿಕೊಂಡ ಮೇಲೆ ಅದರ ಶಾ256 (ಫೈಲಿನ ಬೆರಳಚ್ಚಿನಂಥ ಉದ್ದನೆಯ ಅಕ್ಷರಸಾಲು) ತಾಳೆ ನೋಡಿದಿರಾ? ಇದು ಸುಮ್ನೆ ಶಾಸ್ತ್ರಕ್ಕೆ ಅಲ್ಲ. 2016ರ ಫೆಬ್ರವರಿಯಲ್ಲಿ ಮಿಂಟಿನ ವೆಬ್‌ಸೈಟಿಗೇ ಯಾರೋ ನುಗ್ಗಿ, 17.3ರ ಸಿನಮನ್ ಐಎಸ್ಒ ಬದಲು ಹಿಂಬಾಗಿಲು ಇಟ್ಟ ಫೈಲಿಗೆ ಕೊಂಡಿ ಕೊಟ್ಟಿದ್ದರು. ಮಿಂಟಿನವರು ಬೇಗ ಗುರುತಿಸಿ ಎಲ್ಲರಿಗೂ ತಿಳಿಸಿದರು ಅನ್ನಿ.

ಬಿಳಿಚಾಕ್

ಎಣಿಸಿದೆ. ಪಹಣಿ ಲೆಕ್ಕ ಸರಿಯಾಗೇ ಇದೆ, ನಾಲ್ಕು:

ಸಿಸ್ಟಂ ರಿಸರ್ವ್ಡ್ 100 ಎಂಬಿ, ಸಿ 195 ಜಿಬಿ, ರಿಕವರಿ 15 ಜಿಬಿ, ಡಿ 195 ಜಿಬಿ ಚಿಲ್ಲರೆ. ಕೊನೆಯಲ್ಲಿ ನನ್ನ 60 ಜಿಬಿ ಕಪ್ಪು ಪಟ್ಟಿ.

ಡಿಯಲ್ಲಿ ಮಗಳ ಫೋಟೋಗಳಿವೆ, ಅವಳ ನಾಮಕರಣದಿಂದ ಹಿಡಿದು ಎಲ್ಲ. ಅಳಿಸಿ ಅಂದಾಗ ಎದೆ ಧಸಕ್ ಅಂದಿತು. ಬೇರೆ ದಾರಿ ಇಲ್ವಾ? ಶಾ256 ಅಂದರೇನು ಅಂತ ತಂಗಿ ಮಗನನ್ನು ಕೇಳಿ ತಾಳೆ ನೋಡಿದೆ, ಅಷ್ಟುದ್ದದ ಅಕ್ಷರ ಒಂದೊಂದೇ ಓದಿ ಹೇಳಿದೆ, ಅವನು ಆ ಕಡೆಯಿಂದ ಹೂಂ ಹೂಂ ಅಂದ. ಸರಿ ಇದೆ.

ರಿಪೇರಿರಾಯ

ಹಳೇಪೆನ್‌ಡ್ರೈವ್ ಹೇಳಿದ ರೋಗ ಸರಿ, ಮದ್ದು ಜಾಸ್ತಿ ಆಯಿತು. ಡಿ ಮುಟ್ಟೋದೇ ಬೇಡ ಮೇಡಂ.

ಆ ರಿಕವರಿ 15 ಜಿಬಿ ಇದೆಯಲ್ಲ, ಅದು ಲ್ಯಾಪ್‌ಟಾಪ್ ಕಂಪನಿಯವರು 2013ರಲ್ಲಿ ಇಟ್ಟದ್ದು. ಅದರೊಳಗೆ ಇರೋದು ವಿಂಡೋಸ್ 7ರ ಪ್ರತಿ, ಜೊತೆಗೆ ಯಾರಿಗೂ ಬೇಡದ ಟ್ರಯಲ್ ಆಂಟಿವೈರಸ್ಸು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿತು. ಅದನ್ನು ಇಟ್ಟುಕೊಂಡು ಮಾಡೋದೇನು? ಅದನ್ನು ಅಳಿಸಿ, ಪಟ್ಟಿಯಲ್ಲಿ ಒಂದು ಸಾಲು ಬಿಡುವಾಗುತ್ತದೆ, ನಿಮ್ಮ 60 ಜಿಬಿ ಆ ಕ್ಷಣಕ್ಕೆ ಯೂಸಬಲ್ ಆಗುತ್ತದೆ. ಸಿ, ಡಿ ಇದ್ದಲ್ಲೇ ಇರುತ್ತವೆ. ನಡುವೆ 15 ಜಿಬಿ ಖಾಲಿ ತುಂಡು ಉಳಿಯುತ್ತದೆ, ಇರಲಿ ಬಿಡಿ. ಕಳೆದುಕೊಳ್ಳೋದು ಒಂದೇ, ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಮರಳೋ ಸೌಲಭ್ಯ.

ವಿಂಡೋಸಿನ ಒಳಗಿಂದ ಆ ರಿಕವರಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೆಲ್ಪ್ ಬಿಟ್ಟು ಬೇರೇನೂ ಬರೋದಿಲ್ಲ, ಡಿಲೀಟ್ ಕೊಡೋದಿಲ್ಲ. ಪೆನ್‌ಡ್ರೈವಿಂದ ಮಿಂಟ್ ಓಡಿಸಿ, ಮೆನುವಿನಲ್ಲಿ ಜಿಪಾರ್ಟೆಡ್ (ಡಿಸ್ಕ್ ಭಾಗ ಮಾಡೋ ಪ್ರೋಗ್ರಾಂ) ತೆರೆಯಿರಿ. ಅಲ್ಲಿ ಸಿ, ಡಿ ಅಂತ ಹೆಸರಿರೋದಿಲ್ಲ, ಎಸ್‌ಡಿಎ1, ಎಸ್‌ಡಿಎ2 ಅಂತ ಇರುತ್ತವೆ. ಗುರುತು ಹಿಡಿಯೋದು ಅಳತೆಯಿಂದ. 15 ಜಿಬಿಯದ್ದು ಎಸ್‌ಡಿಎ3 ಆಗಿರಬೇಕು, ಆದರೆ ನನ್ನ ಮಾತು ನಂಬಿ ಅಳಿಸಬೇಡಿ, ಅಳತೆ ನೋಡಿ ಅಳಿಸಿ. ಪೆನ್‌ಡ್ರೈವ್ ಕೂಡ ಎಸ್‌ಡಿಬಿ ಅಂತ ಕಾಣುತ್ತದೆ, ಮೇಲೆ ಬಲಗಡೆ ಮೂಲೆಯಲ್ಲಿ ಯಾವ ಡಿಸ್ಕ್ ಆರಿಸಿದ್ದೀರಿ ಅಂತ ಒಮ್ಮೆ ನೋಡ್ಕೊಳ್ಳಿ. ಜಿಪಾರ್ಟೆಡ್ಡಿನಲ್ಲಿ ಒಂದು ಒಳ್ಳೇ ಗುಣ ಇದೆ, ನೀವು ಡಿಲೀಟ್ ಅಂದರೂ ತಕ್ಷಣ ಮಾಡೋದಿಲ್ಲ, ಕೆಳಗೆ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಸಿರು ಟಿಕ್ ಒತ್ತಿದ ಮೇಲೇ ಕೆಲಸ ಶುರು.

ಆಮೇಲೆ 60 ಜಿಬಿ ಜಾಗದಲ್ಲಿ ಎಕ್ಸ್‌ಟೆಂಡೆಡ್, ಅದರೊಳಗೆ ಇಎಕ್ಸ್‌ಟಿ4 (ಲಿನಕ್ಸ್ ಬಳಸೋ ಫಾರ್ಮ್ಯಾಟ್) ಒಂದು ಲಾಜಿಕಲ್. ಎಕ್ಸ್‌ಟೆಂಡೆಡ್ ಬೇಕೇಬೇಕು ಅಂತಲ್ಲ, ಒಂದು ಸಾಲು ಬಿಡುವಾಗಿದೆಯಲ್ಲ, ಪ್ರೈಮರಿಯೇ ಮಾಡಬಹುದು. ಆದರೆ ಮುಂದೆ ಯಾವತ್ತಾದರೂ ಇದೇ ಅನ್‌ಯೂಸಬಲ್ ಕಾಟ ಬರಬಾರದು ಅಂದರೆ ಚೀಲ ಮಾಡ್ಕೊಳ್ಳೋದೇ ವಾಸಿ. ಇನ್‌ಸ್ಟಾಲರಿನಲ್ಲಿ ಸಂಥಿಂಗ್ ಎಲ್ಸ್, ಆ ಇಎಕ್ಸ್‌ಟಿ4 ಆರಿಸಿ, ಮೌಂಟ್ ಪಾಯಿಂಟ್ ಅನ್ನೋ ಕಡೆ ಬರೀ ಒಂದು ಓರೆಗೆರೆ (/), ಫಾರ್ಮ್ಯಾಟ್ ಟಿಕ್ ಅದಕ್ಕೆ ಮಾತ್ರ. ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಅಂತ ಇರೋ ಯಾವುದಕ್ಕೂ ಫಾರ್ಮ್ಯಾಟ್ ಟಿಕ್ ಇರಬಾರದು, ಎರಡು ಸಲ ನೋಡಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಬೇರೆ ಭಾಗ ಮಾಡಬೇಕಾಗಿಲ್ಲ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡ್ಕೊಳ್ಳುತ್ತದೆ. ಕೆಳಗೆ ಬೂಟ್‌ಲೋಡರ್ (ಆನ್ ಮಾಡಿದಾಗ ಸಿಸ್ಟಮ್ಮನ್ನು ಎಬ್ಬಿಸೋ ಪುಟ್ಟ ಪ್ರೋಗ್ರಾಂ) ಎಲ್ಲಿಗೆ ಅಂತ ಕೇಳುತ್ತದಲ್ಲ, ಅಲ್ಲಿ ನಂಬರ್ ಇಲ್ಲದ ಎಸ್‌ಡಿಎ ಇರಲಿ, ಎಸ್‌ಡಿಎ5 ಅಲ್ಲ.

ಈಗ ಮುಖ್ಯವಾದದ್ದು. ನಿಮ್ಮ ಬ್ಯಾಟರಿ ಸತ್ತಿದೆ ಅಂದಿರಿ. ಡಿಸ್ಕ್ ಪಟ್ಟಿ ಬರೆಯುವಾಗಲೋ ಇನ್‌ಸ್ಟಾಲ್ ಅರ್ಧದಲ್ಲಿದ್ದಾಗಲೋ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಧುಪ್ ಅಂತ ಆರಿಹೋಗುತ್ತದೆ. ಯುಪಿಎಸ್ ಲೈನ್ ಇರೋ ಮನೆಯಲ್ಲಿ ಕೂತು ಮಾಡಿ. ನಾನೊಮ್ಮೆ ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಪಾರ್ಟಿಷನ್ ಸರಿಸುತ್ತಿದ್ದೆ, ಕರೆಂಟ್ ಹೋಯಿತು, ಅವರ ಮದುವೆ ವಿಡಿಯೋ ವಾಪಸ್ ತರೋಕೆ ಎರಡು ರಾತ್ರಿ ಕೂತಿದ್ದೆ. ಅರ್ಧ ಬಂತು, ಊಟದ ಸಾಲಿನ ಅರ್ಧ. ಅವರು ಈಗಲೂ ಮಾತಾಡ್ತಾರೆ, ಆದರೆ ಮೊದಲಿನ ಹಾಗಲ್ಲ.

ಅದಕ್ಕೇ ಡಿ ಮುಟ್ಟದಿದ್ದರೂ ಫೋಟೋ ಕಾಪಿ ಮಾಡ್ಕೊಳ್ಳಿ. ಇದರಲ್ಲಿ ಚರ್ಚೆ ಇಲ್ಲ.

ಹುಬ್ಳಿಯವ

ಟೀಚರ, ಮೇಲಿನವರು ಹೇಳಿದ್ದೆಲ್ಲ ಬರೋಬರಿ. ಆದರೆ 2013ರ ಹಾರ್ಡ್‌ಡಿಸ್ಕ್ ಇನ್ನೂ ತಿರುಗಾಕತ್ತೈತಿ ಅಂದ್ರ ಅದಕ್ಕ ಒಂದು ನಮಸ್ಕಾರ ಹೊಡೀರಿ. ಪೆನ್‌ಡ್ರೈವಿಂದ ಶುರು ಮಾಡಿದಾಗ ಮೆನುವಿನಲ್ಲಿ ಡಿಸ್ಕ್ಸ್ ಅಂತ ಒಂದು ಪ್ರೋಗ್ರಾಂ ಇರುತ್ತದೆ, ಅದರಲ್ಲಿ ಸ್ಮಾರ್ಟ್ ಡೇಟಾ, ಅಂದ್ರ ಡಿಸ್ಕಿನ ಆರೋಗ್ಯದ ಲೆಕ್ಕ ನೋಡ್ರಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟುಹೋದ ಜಾಗದ ಎಣಿಕೆ) ಅನ್ನೋದು ಸೊನ್ನೆ ಇದ್ದರೆ ಚಲೋ. ನೂರಾರು ಇದ್ದರೆ ಆ ಡಿಸ್ಕಿನ ಮೇಲೆ ಏನೂ ಹಾಕಬೇಡಿ, ಫೋಟೋ ತೆಗೆದುಕೊಂಡು ಹೊರಬೀಳ್ರಿ.

ನನ್ನ ಪ್ರಕಾರ ಈ ಪಾರ್ಟಿಷನ್ ಸರ್ಕಸ್ಸೇ ಬೇಡ. ಎರಡೂವರೆ ಇಂಚಿನ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್), 240 ಜಿಬಿಯದ್ದು ಸಾಕು. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ ಹಳೇ ಡಿಸ್ಕ್ ತೆಗೆದು ಇದನ್ನು ಕೂಡಿಸಿ, ಪೂರ್ತಿ ಡಿಸ್ಕಿಗೆ ಮಿಂಟ್ ಹಾಕ್ರಿ. ಅನ್‌ಯೂಸಬಲ್ ಪ್ರಶ್ನೆಯೇ ಬರೋದಿಲ್ಲ. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೀರುವಿನಲ್ಲಿ ಇಡ್ರಿ, ಫೋಟೋ ಅಲ್ಲೇ ಇರುತ್ತವೆ. ನಮ್ಮ ಕಾಕಾನ ಲ್ಯಾಪ್‌ಟಾಪ್ ಹಿಂಗೇ ಮಾಡಿದ್ದೆ. ಮೊದಲು ವಿಂಡೋಸ್ ಚಾಲೂ ಮಾಡಿ ಚಹಾಕ್ಕೆ ನೀರಿಟ್ಟು ಬರ್ತಿದ್ದರು, ಈಗ ಕೂಡೋದರೊಳಗ ತೆರೆದಿರ್ತದ. 4 ಜಿಬಿ ರ‍್ಯಾಮಿಗೆ ಎಕ್ಸ್‌ಎಫ್‌ಸಿಇ ಆರಿಸಿದ್ದು ಸರಿ, ಆದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಯಾವ ಲಿನಕ್ಸೂ ಕಾಪಾಡೋದಿಲ್ಲ. ಇನ್ನೊಂದು 4 ಜಿಬಿ ಕಡ್ಡಿ ಸಿಕ್ಕರೆ ಹಾಕಿಸಿ.

ರಿಪೇರಿರಾಯ

ಎಸ್‌ಎಸ್‌ಡಿ ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು, ಒಪ್ಪಿದೆ. ಆದರೆ ಮೇಡಂ ದುಡ್ಡು ಖರ್ಚು ಮಾಡಬಾರದು ಅಂತ ತಾನೇ ಇಲ್ಲಿ ತನಕ ಬಂದದ್ದು. ಮೊದಲು ಇದ್ದದ್ದರಲ್ಲಿ ಹಾಕಿ ಒಂದು ತಿಂಗಳು ಓಡಿಸಲಿ, ಹಿಡಿಸಿದರೆ ಎಸ್‌ಎಸ್‌ಡಿ ತರಲಿ. ಹಿಡಿಸದಿದ್ದರೆ ವಿಂಡೋಸ್ ಅಲ್ಲೇ ಇದೆ.

ಒತ್ತಕ್ಷರ

ನುಡಿ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ, ನಾನು ಹೇಳುತ್ತೇನೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡ್ತಿದ್ದವನು, ಈಗ ಪೂರ್ತಿ ಲಿನಕ್ಸಲ್ಲೇ ಇದ್ದೇನೆ.

ಇಲ್ಲಿ ಎರಡು ವಿಷಯ ಬೆರೆತುಹೋಗಿವೆ, ಬೇರೆ ಮಾಡಿ ನೋಡಬೇಕು. ನಿಮ್ಮ ಬೆರಳಿಗೆ ರೂಢಿ ಆಗಿರೋದು ಕೀಲಿಮಣೆಯ ವಿನ್ಯಾಸ. ಅದು ಕನ್ನಡ ಗಣಕ ಪರಿಷತ್ತಿನದ್ದು, ಕಗಪ ಅಂತಾರೆ. ಅದು ಲಿನಕ್ಸಲ್ಲಿ ಬಹಳ ವರ್ಷದಿಂದ ಇದೆ. ಎಫ್ ಒತ್ತಿದರೆ ಒತ್ತಕ್ಷರ, ಕ್ಯೂ ಅಂದರೆ ಟ, ಡಬ್ಲ್ಯೂ ಅಂದರೆ ಡ, ಎಕ್ಸ್ ಅಂದರೆ ಷ, ಎಲ್ಲ ಹಾಗೇ. ಪಟ್ಟಣ ಅಂತ ಬರೆಯೋಕೆ ಪಿ, ಕ್ಯೂ, ಎಫ್, ಕ್ಯೂ, ಶಿಫ್ಟ್ ಹಿಡಿದು ಎನ್. ನಿಮ್ಮ ಬೆರಳು ಆಗಲೇ ಆಡಿರಬೇಕು.

ಇನ್‌ಸ್ಟಾಲ್ ಆದ ಮೇಲೆ ಸಿನಾಪ್ಟಿಕ್ (ಸಾಫ್ಟ್‌ವೇರ್ ಇಳಿಸಿ ಹಾಕೋ ಪ್ರೋಗ್ರಾಂ) ಅನ್ನೋದರಲ್ಲಿ ಐಬಸ್-ಎಂ17ಎನ್ ಹುಡುಕಿ ಹಾಕಿ, ಕನ್ನಡ ಟೈಪಿಂಗಿಗೆ ಬೇಕಾದ್ದು ಅದೇ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ, ಇದನ್ನು ಬಿಟ್ಟುಬಿಟ್ಟು "ಕೆಲಸ ಮಾಡ್ತಿಲ್ಲ" ಅನ್ನುವವರೇ ಜಾಸ್ತಿ. ಆಮೇಲೆ ಐಬಸ್ ಪ್ರಿಫರೆನ್ಸಸ್, ಇನ್‌ಪುಟ್ ಮೆಥಡ್, ಆಡ್, ಕನ್ನಡ, ಅಲ್ಲಿ ಕೆಜಿಪಿ ಅಂತ ಇರೋದು ನಿಮ್ಮದು. ಇನ್‌ಸ್ಕ್ರಿಪ್ಟ್ ಕೂಡ ಇರುತ್ತದೆ, ಅದು ಬೇರೆ ವಿನ್ಯಾಸ, ಅದನ್ನು ಆರಿಸಿ ಬೈಕೋಬೇಡಿ. ವಿಂಡೋಸ್ ಚಿತ್ರ ಇರೋ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್ ಬದಲಾಗುತ್ತದೆ.

ಎರಡನೆಯದು ನಿಮ್ಮ ಹಳೇ ಫೈಲುಗಳು. ಇಲ್ಲೇ ನೋವು. ನುಡಿ 01 ಇ ತರದ ಫಾಂಟಿನಲ್ಲಿ ಮಾಡಿದ ಫೈಲು ಲಿಬ್ರೆಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಸೊನ್ನೆ, ಗೀಟು, ಚುಕ್ಕೆ ಕೂತ ಹಾಗೆ ಕಾಣುತ್ತದೆ. ಫೈಲ್ ಹಾಳಾಗಿಲ್ಲ. ಅದರಲ್ಲಿ ಮೊದಲಿಂದಲೂ ಇದ್ದದ್ದು ಅದೇ ಇಂಗ್ಲಿಷ್ ಸಂಕೇತಗಳು, ನುಡಿ ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರ ಬಿಡಿಸಿ ತೋರಿಸುತ್ತಿತ್ತು. ಫಾಂಟ್ ತೆಗೆದರೆ ವೇಷ ಕಳಚಿತು. ಬರೀ ನೋಡೋಕೆ, ಪ್ರಿಂಟ್ ತೆಗೆಯೋಕೆ ಆದರೆ ನಿಮ್ಮ ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ಆ ನುಡಿ ಫಾಂಟುಗಳನ್ನು ಕಾಪಿ ಮಾಡಿ ಮಿಂಟಿಗೆ ಹಾಕಿ, ಡಬಲ್ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಅಂತ ಬರುತ್ತದೆ. ನನ್ನ ಹಳೇ ಫೈಲುಗಳು ಹಾಗೇ ತೆರೆದಿವೆ. ತಿದ್ದಬೇಕು, ವಾಟ್ಸಾಪಿಗೆ ಕಳಿಸಬೇಕು, ಹುಡುಕಬೇಕು ಅಂದರೆ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರೋ ಪದ್ಧತಿಗೆ, ಬದಲಾಯಿಸಲೇಬೇಕು. ಆಸ್ಕಿ (ಆ ಹಳೇ ಪದ್ಧತಿ) ಯೂನಿಕೋಡ್ ಪರಿವರ್ತಕಗಳು ಆನ್‌ಲೈನಿನಲ್ಲಿ ಪುಕ್ಕಟೆ ಇವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಅಂಕಿ, ಕೋಟ್ ಗುರುತು, ಈ ಮೂರನ್ನು ಕಣ್ಣಾರೆ ನೋಡಿ, ಹೆಚ್ಚಾಗಿ ಇಲ್ಲೇ ತಪ್ಪೋದು.

ಫಾಂಟ್ ಬೇಕಾದರೆ ಸಿನಾಪ್ಟಿಕ್ಕಿನಲ್ಲೇ ಗುಬ್ಬಿ, ನವಿಲು ಅಂತ ಎರಡು ಚಂದದ ಕನ್ನಡ ಫಾಂಟುಗಳಿವೆ. ಗುಬ್ಬಿ ಪಾಠಕ್ಕೆ, ನವಿಲು ಕೈಬರಹದ ತರ. ಮತ್ತೆ ಲಿಬ್ರೆಆಫೀಸಿನ ಆಪ್ಷನ್ಸಿನಲ್ಲಿ ಭಾಷೆ ಅನ್ನೋ ಕಡೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಟಿಕ್ ಮಾಡಿ ಕನ್ನಡ ಆರಿಸಿ. ಇಂಗ್ಲಿಷಿನ ಫಾಂಟ್, ಕನ್ನಡದ ಫಾಂಟ್ ಅದರಲ್ಲಿ ಬೇರೆಬೇರೆ ಲೆಕ್ಕ. ಇದು ಗೊತ್ತಿಲ್ಲದೆ ನಾನು ಒಂದಿಡೀ ದಿನ ಅಕ್ಷರದ ಅಳತೆ ಬದಲಾಯಿಸುತ್ತ ಕೂತಿದ್ದೆ, ಅದು ಬದಲಾಗ್ತಾನೇ ಇರಲಿಲ್ಲ.

ಹಳೇಪೆನ್‌ಡ್ರೈವ್

ರಿಪೇರಿರಾಯರ ದಾರಿಯೇ ಸರಿ, ನನ್ನದು ವಾಪಸ್. ವೈಫೈ ಬಗ್ಗೆ: 2013ರ ಆಸುಪಾಸಿನ ಬಹಳ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ಇರುತ್ತದೆ, ಅದರ ಡ್ರೈವರ್ ಬೇರೆ ಹಾಕಬೇಕು. ಡ್ರೈವರ್ ಹಾಕೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು, ಅಂತ ತಲೆ ಕೆಡಿಸ್ಕೋಬೇಡಿ. ನಿಮ್ಮ ಫೋನನ್ನು ಚಾರ್ಜರ್ ವೈರಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಹಾಟ್‌ಸ್ಪಾಟ್ ಅಲ್ಲ, ಟೆದರಿಂಗ್. ಮಿಂಟಿಗೆ ಅದು ವೈರಿನ ಇಂಟರ್ನೆಟ್ ತರ ಕಾಣುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಅಂತ ತೋರಿಸುತ್ತದೆ, ಆರಿಸಿ, ಅಪ್ಲೈ, ರೀಸ್ಟಾರ್ಟ್.

ಇನ್ನೊಂದು ಮರೆತಿದ್ದೆ. ಪೆನ್‌ಡ್ರೈವ್ ಹಾಕುವ ಮುಂಚೆ ವಿಂಡೋಸನ್ನು ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ. ತಮಾಷೆ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ಅರ್ಧ ನಿದ್ದೆ, ಸಿ ಡ್ರೈವ್ ಬೀಗ ಹಾಕಿಕೊಂಡೇ ಮಲಗಿರುತ್ತದೆ, ಲಿನಕ್ಸ್ ಅದರಲ್ಲಿ ಬರೆಯೋಕೆ ಒಪ್ಪೋದಿಲ್ಲ. ರೀಸ್ಟಾರ್ಟ್ ಅಂದರೆ ಪೂರ್ತಿ ಏಳುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಿನಲ್ಲಿ ಅದನ್ನು ಆಫ್ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು.

ಇದನ್ನು ಓದುತ್ತಿರೋ ಬೇರೆಯವರಿಗೆ: ನಿಮ್ಮ ಲ್ಯಾಪ್‌ಟಾಪ್ ಹೊಸದಾಗಿದ್ದರೆ ಈ ನಾಲ್ಕು ಸಾಲಿನ ಕಥೆ ನಿಮ್ಮದಲ್ಲ. ನಿಮ್ಮದು ಜಿಪಿಟಿ ಅನ್ನೋ ಹೊಸ ಪದ್ಧತಿಯ ಡಿಸ್ಕ್, ವಿಂಡೋಸ್ ಅದರಲ್ಲಿ 128 ಭಾಗದ ತನಕ ಬಿಡುತ್ತದೆ. ನಿಮ್ಮ ಕಾಟ ಬೇರೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನೋ ಡಿಸ್ಕಿನ ಸೆಟ್ಟಿಂಗ್ ಆನ್ ಇರಬಹುದು, ಅದನ್ನು ಹಾಗೇ ಆಫ್ ಮಾಡಿದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು, ಮೊದಲು ಓದಿಕೊಂಡು ಮಾಡಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೈ ಹಾಕಿ.

ಬಿಳಿಚಾಕ್

ಎರಡು ಭಾನುವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು.

ಮೊದಲ ಭಾನುವಾರ ಬರೀ ಫೋಟೋ ಕಾಪಿ. ತಮ್ಮನ ಹತ್ತಿರ ಹೊರಗಿನ ಹಾರ್ಡ್‌ಡಿಸ್ಕ್ ಇಸ್ಕೊಂಡು ಹಾಕಿದರೆ 140 ಜಿಬಿ ಇತ್ತು, ಬೆಳಿಗ್ಗೆ ದೋಸೆ ಹಿಟ್ಟು ರುಬ್ಬುವಾಗ ಶುರು ಮಾಡಿದ್ದು ಮಧ್ಯಾಹ್ನ ಮುಗಿಯಿತು. ಸ್ಮಾರ್ಟ್ ನೋಡಿದೆ, ರೀಅಲೊಕೇಟೆಡ್ ಸೊನ್ನೆ. ಹುಬ್ಳಿಯವರು ಹೇಳಿದ ಹಾಗೆ ಡಿಸ್ಕಿಗೆ ಒಂದು ನಮಸ್ಕಾರ ಹಾಕಿದೆ.

ಎರಡನೇ ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ತಮ್ಮನ ಮನೆಗೇ ಹೋದೆ, ಅವರ ಮನೆಯಲ್ಲಿ ಯುಪಿಎಸ್ ಇದೆ. ಜಿಪಾರ್ಟೆಡ್ ತೆರೆದಾಗ ನಿಜ ಹೇಳಬೇಕು ಅಂದರೆ ಕೈ ನಡುಗಿತು. 14.65 ಅಂತ ಇತ್ತು, 15 ಅಲ್ಲ, ಇದೇನಾ ಅದೇನಾ ಅಂತ ಕಾಲು ಗಂಟೆ ನೋಡಿದೆ. ಕಾಗದದ ಮೇಲೆ ಬರೆದುಕೊಂಡಿದ್ದ ಅಳತೆ ಇಟ್ಟು ನೋಡಿ ಆಮೇಲೆ ಡಿಲೀಟ್, ಹಸಿರು ಟಿಕ್. ಎರಡು ಸೆಕೆಂಡ್. ಅದಕ್ಕೆ ನಾನು ಎರಡು ವಾರ ಹೆದರಿದ್ದು! ಇನ್‌ಸ್ಟಾಲರಿಗೆ ಹೋದರೆ ಅನ್‌ಯೂಸಬಲ್ ಮಾಯ. ಅರ್ಧ ಗಂಟೆಯಲ್ಲಿ ಮಿಂಟ್ ಬಂತು, ಆನ್ ಮಾಡಿದರೆ ಮೊದಲು ಮಿಂಟಾ ವಿಂಡೋಸಾ ಅಂತ ಕೇಳುತ್ತದೆ. ವೈಫೈ ಟೆದರಿಂಗಿಂದ ಬಂತು, ಬ್ರಾಡ್‌ಕಾಮೇ ಆಗಿತ್ತು.

ಕೆಜಿಪಿ ಆರಿಸಿ ಮೊದಲು ಬರೆದದ್ದು ಪಟ್ಟಣ. ಸರಿಯಾಗಿ ಬಂತು. ಆಮೇಲೆ ಅಕ್ಷರ, ಶಸ್ತ್ರ, ಉತ್ಪ್ರೇಕ್ಷೆ, ರಾಷ್ಟ್ರ, ತರಗತಿಯಲ್ಲಿ ಮಕ್ಕಳು ಎಡವೋ ಪದ ಎಲ್ಲ ಬರೆದು ನೋಡಿದೆ. ಒತ್ತಿಗೆ ಒತ್ತು ಸರಿ ಕೂತಿದೆ.

ಈಗ ಒಂದು ವಿಚಿತ್ರ. ಮಿಂಟಿನಲ್ಲಿ ಸಮಯ ಸರಿ ಇರುತ್ತದೆ. ವಿಂಡೋಸಿಗೆ ಹೋದರೆ ಬೆಳಿಗ್ಗೆ 10 ಗಂಟೆಗೆ 4:30 ತೋರಿಸುತ್ತದೆ. ಸರಿ ಮಾಡಿ ಮಿಂಟಿಗೆ ಹೋಗಿ ಬಂದರೆ ಮತ್ತೆ ಹಾಗೇ. ಏನಾದರೂ ಕೆಡಿಸಿದೆನಾ?

ರಿಪೇರಿರಾಯ

ಏನೂ ಕೆಟ್ಟಿಲ್ಲ ಮೇಡಂ. ಎಷ್ಟು ಹಿಂದೆ ಇದೆ ಲೆಕ್ಕ ಹಾಕಿ. ಐದೂವರೆ ಗಂಟೆ. ನಮ್ಮ ದೇಶದ ಸಮಯ ಗ್ರೀನಿಚ್ಚಿಗಿಂತ ಮುಂದೆ ಇರೋದೂ ಅಷ್ಟೇ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರ ಸಮಯ ಅಂತ ಓದುತ್ತದೆ. ಒಂದೇ ಗೋಡೆ ಗಡಿಯಾರ, ಇಬ್ಬರು ಮನೆಯವರು, ಒಬ್ಬೊಬ್ಬರದು ಒಂದೊಂದು ಲೆಕ್ಕ.

ಮಿಂಟಿನಲ್ಲಿ ಟರ್ಮಿನಲ್ ತೆರೆದು ಒಂದೇ ಸಾಲು: ಟೈಮ್‌ಡೇಟ್‌ಸಿಟಿಎಲ್, ಸ್ಪೇಸ್, ಸೆಟ್-ಲೋಕಲ್-ಆರ್‌ಟಿಸಿ, ಸ್ಪೇಸ್, 1 (timedatectl set-local-rtc 1). ಇಂಗ್ಲಿಷಿನಲ್ಲಿ, ಎಲ್ಲ ಸಣ್ಣಕ್ಷರದಲ್ಲಿ ಹೊಡೆಯಿರಿ, ಕೆಜಿಪಿ ಆಫ್ ಮಾಡಿಕೊಂಡು. ಮುಂದಿನ ಸಲ ವಿಂಡೋಸಿನಲ್ಲಿ ಒಮ್ಮೆ ಸಮಯ ಸರಿ ಮಾಡಿ, ಅಲ್ಲಿಗೆ ಮುಗಿಯಿತು.

ಮತ್ತೆ ಟೈಮ್‌ಶಿಫ್ಟ್ ಅಂತ ಇದೆ ಮೆನುವಿನಲ್ಲಿ, ಅದನ್ನು ಇವತ್ತೇ ಚಾಲೂ ಮಾಡಿ. ನಾಳೆ ಏನೋ ಅಪ್‌ಡೇಟ್ ಆಗಿ ತೊಂದರೆ ಆದರೆ ನಿನ್ನೆಯ ಸ್ಥಿತಿಗೆ ಹೋಗಬಹುದು. ಅದು ಉಳಿಸೋದು ಸಿಸ್ಟಮ್ಮನ್ನು, ನಿಮ್ಮ ಫೋಟೋಗಳನ್ನಲ್ಲ. 60 ಜಿಬಿಯಲ್ಲಿ ಜಾಗ ಕಡಿಮೆ, ಎರಡು ಪ್ರತಿ ಸಾಕು ಅಂತ ಹಾಕಿ. ಮಿಂಟ್ 22ಕ್ಕೆ ಅಪ್‌ಡೇಟ್ 2029ರ ತನಕ ಬರುತ್ತದೆ.

ಬಿಳಿಚಾಕ್

ಸಮಯ ಸರಿ ಆಯಿತು. ಟೈಮ್‌ಶಿಫ್ಟ್ ಹಾಕಿದೆ.

ಕೊನೆಯ ಪ್ರಶ್ನೆ. ಶಾಲೆಯಲ್ಲಿರೋ ಲೇಸರ್ ಪ್ರಿಂಟರ್, ಬಿಳಿಯದು, ಪುಟ್ಟದು, ಎಲ್ಲ ಜೆರಾಕ್ಸ್ ಅಂಗಡಿಯಲ್ಲೂ ಇರುತ್ತದಲ್ಲ, ಮಿಂಟಿಗೆ ಸಿಕ್ಕಿಸಿದರೆ ಹೆಸರು ತೋರಿಸುತ್ತದೆ, ಪ್ರಿಂಟ್ ಕೊಟ್ಟರೆ ಸುಮ್ಮನೆ ಕೂತಿರುತ್ತದೆ. ಸೋಮವಾರ ಎಂಟನೇ ತರಗತಿಗೆ ಕಿರುಪರೀಕ್ಷೆ.

ಒತ್ತಕ್ಷರ

ಯಾವುದು ಅಂತ ಗೊತ್ತಾಯಿತು. ಅದಕ್ಕೆ ಕಂಪನಿಯ ಬೇರೆಯದೇ ಡ್ರೈವರ್ ಬೇಕು, ಹೊಸಬರು ಕೈ ಹಾಕುವಂಥದ್ದಲ್ಲ, ನಾನೇ ಎರಡು ಸಲ ಸೋತಿದ್ದೇನೆ. ಸೋಮವಾರದ ಮಟ್ಟಿಗೆ ಲಿಬ್ರೆಆಫೀಸಿನಲ್ಲಿ ಪಿಡಿಎಫ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಮೇಲಿನ ಸಾಲಿನಲ್ಲಿ ಪಿಡಿಎಫ್ ಚಿತ್ರ ಇದೆ, ಒಂದೇ ಕ್ಲಿಕ್. ಗುಬ್ಬಿ ಫಾಂಟ್ ಅದರೊಳಗೇ ಕೂತಿರುತ್ತದೆ, ಶಾಲೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡೋದಿಲ್ಲ. ವರ್ಡ್ ಫೈಲ್ ಮಾತ್ರ ಒಯ್ಯಬೇಡಿ.

ಬಿಳಿಚಾಕ್

ಪಿಡಿಎಫ್ ಒಯ್ದೆ, 42 ಪ್ರತಿ ತೆಗೆಸಿದೆ, ಅಕ್ಷರ ಎಲ್ಲ ಸರಿ ಇತ್ತು. ಎರಡನೇ ಪ್ರಶ್ನೆಯಲ್ಲಿ ಒಂದು ತಪ್ಪಿತ್ತು, ಅದು ನನ್ನದೇ.